ಬಾವಿಯ ನೀರು ನಿಂತಿದೆ, ಅಂಕಿ ಮಾತ್ರ ಕುಣಿಯುತ್ತಿದೆ: ತೋಟದ ಲಾಗರ್‌ನ ಅನಲಾಗ್ ಇನ್‌ಪುಟ್ ದೋಷ ಪತ್ತೆ

ಮೊದಲು ಮಾಡಬೇಕಾದ ಕೆಲಸ ಸ್ಕ್ರೂಡ್ರೈವರ್ ಹಿಡಿಯುವುದಲ್ಲ. ಪ್ರೋಗ್ರಾಮಿನಲ್ಲಿ ಸರಾಸರಿ ತೆಗೆಯುವ ಸಾಲು ಇದ್ದರೆ ಅದನ್ನು ನಿಲ್ಲಿಸಿ. ಮೀಟರ್, ಡಿಗ್ರಿ, ಬಾರ್ ಎಂದು ಲೆಕ್ಕ ಹಾಕಿದ ಅಂಕಿಯನ್ನೂ ಬಿಡಿ. ಎಡಿಸಿ (ವೋಲ್ಟೇಜನ್ನು ಅಂಕಿಗೆ ಬದಲಿಸುವ ಭಾಗ) ಕೊಡುವ ಹಸಿ ಕೌಂಟನ್ನು, ಅಂದರೆ ಲೆಕ್ಕ ಹಾಕುವ ಮುಂಚಿನ ಅಂಕಿಯನ್ನು, ಸಮಯದ ಜೊತೆ ಹತ್ತು ನಿಮಿಷ ದಾಖಲಿಸಿ, ಗ್ರಾಫ್ ಹಾಕಿ ನೋಡಿ. ಅಂಕಿ ಯಾವ ಆಕಾರದಲ್ಲಿ ಕೆಟ್ಟಿದೆ ಎಂಬುದೇ ಅರ್ಧ ಉತ್ತರ. ಸರಾಸರಿಯ ಕೆಳಗೆ ಮುಚ್ಚಿಹೋದ ದೋಷವನ್ನು ಹುಡುಕುವುದು ಸಗಣಿ ಸಾರಿಸಿದ ನೆಲದಲ್ಲಿ ಬಿರುಕು ಹುಡುಕಿದ ಹಾಗೆ.

ಇಲ್ಲಿ ಹೇಳುವುದೆಲ್ಲ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಡಿಕೆ ತೋಟದಲ್ಲಿ ಕೂರಿಸುವಂಥ ನಾಲ್ಕು ಚಾನೆಲ್ಲಿನ ಸಣ್ಣ ಲಾಗರನ್ನು (ಸೆನ್ಸರ್‌ಗಳ ಅಳತೆ ದಾಖಲಿಸುವ ಪೆಟ್ಟಿಗೆ) ಮನಸ್ಸಿನಲ್ಲಿಟ್ಟುಕೊಂಡು. ಒಳಗಿರುವುದು ಆರ್ಡುನೊ ಯುನೊದಲ್ಲಿರುವ ಅಟ್‌ಮೆಗಾ328 ಚಿಪ್: 10 ಬಿಟ್ (0ರಿಂದ 1023ರವರೆಗೆ ಎಣಿಸುವ) ಎಡಿಸಿ, ಹೋಲಿಸಿ ಅಳೆಯಲು 5 ವೋಲ್ಟ್ ರೆಫರೆನ್ಸ್. ಅಂದರೆ ಒಂದು ಕೌಂಟ್‌ಗೆ 4.88 ಮಿಲಿವೋಲ್ಟ್. ಬೇರೆ ಚಿಪ್ ಇದ್ದರೆ ಅಂಕಿಗಳು ಬದಲಾಗುತ್ತವೆ, ಹುಡುಕುವ ದಾರಿ ಬದಲಾಗುವುದಿಲ್ಲ.

ಚಾನೆಲ್ 1: ಬಾವಿಯಲ್ಲಿ ಇಳಿಬಿಟ್ಟ 0–10 ಮೀಟರ್ ಮಟ್ಟದ ಸೆನ್ಸರ್, 4–20 ಮಿಲಿಆಂಪ್. ಅದು 250 ಓಮ್ ರೆಸಿಸ್ಟರಿನಲ್ಲಿ 1–5 ವೋಲ್ಟ್ ಆಗುತ್ತದೆ. ಮೀಟರಿಗೆ 0.4 ವೋಲ್ಟ್, ಹಾಗಾಗಿ ಒಂದು ಕೌಂಟ್ ಎಂದರೆ 1.2 ಸೆಂಟಿಮೀಟರ್ ನೀರು.
ಚಾನೆಲ್ 2: ಪಂಪಿನ ಲೈನಿನ ಒತ್ತಡ, 0.5–4.5 ವೋಲ್ಟ್. ಈ ಸೆನ್ಸರ್ ತನಗೆ ಸಿಗುವ 5 ವೋಲ್ಟಿನ ಅನುಪಾತದಲ್ಲೇ ಉತ್ತರ ಕೊಡುತ್ತದೆ.
ಚಾನೆಲ್ 3: ಅಡಿಕೆ ಡ್ರೈಯರಿನ ಕೆ ಮಾದರಿ ಥರ್ಮೋಕಪಲ್ (ಬಿಸಿಯನ್ನು ಪುಟ್ಟ ವೋಲ್ಟೇಜ್ ಮಾಡುವ ತಂತಿ ಜೋಡಿ), 200 ಪಟ್ಟು ಹಿಗ್ಗಿಸುವ ಆಂಪ್ಲಿಫೈಯರ್ ಮೂಲಕ.
ಚಾನೆಲ್ 4: 12 ವೋಲ್ಟ್ ಬ್ಯಾಟರಿ, 1 ಮೆಗಾಓಮ್ ಮತ್ತು 220 ಕಿಲೋಓಮ್ ಡಿವೈಡರ್ (ವೋಲ್ಟೇಜ್ ತಗ್ಗಿಸುವ ರೆಸಿಸ್ಟರ್ ಜೋಡಿ) ಮೂಲಕ.

ತಂತಿ ಟರ್ಮಿನಲ್ಲಿಗೆ ಬಂದ ಮೇಲೆ ಸಿಗ್ನಲ್ ಹೋಗುವ ಹಾದಿ ಹೀಗೆ: ಸಿಡಿಲಿನ ಸರ್ಜ್ ತಡೆಯುವ ಟಿವಿಎಸ್ ಡಯೋಡ್, ವೋಲ್ಟೇಜ್ ತಗ್ಗಿಸುವ ಅಥವಾ ಹಿಗ್ಗಿಸುವ ಹಂತ, ರೆಸಿಸ್ಟರ್-ಕೆಪಾಸಿಟರಿನ ಆರ್‌ಸಿ ಫಿಲ್ಟರ್, ನಾಲ್ಕರಲ್ಲಿ ಒಂದನ್ನು ಆರಿಸುವ ಮಲ್ಟಿಪ್ಲೆಕ್ಸರ್, ಆ ಕ್ಷಣದ ವೋಲ್ಟೇಜನ್ನು ಹಿಡಿದಿಡುವ ಪುಟ್ಟ ಕೆಪಾಸಿಟರ್, ಕೊನೆಗೆ ಅದನ್ನು ರೆಫರೆನ್ಸಿನ ಜೊತೆ ತೂಗುವ ಎಡಿಸಿ. ತಕ್ಕಡಿಯ ಒಂದು ತಟ್ಟೆಯಲ್ಲಿ ಸಿಗ್ನಲ್, ಇನ್ನೊಂದರಲ್ಲಿ ರೆಫರೆನ್ಸ್. ಬಹಳ ಜನ ಮೊದಲ ತಟ್ಟೆಯನ್ನಷ್ಟೇ ನೋಡುತ್ತಾರೆ.

ಸೆನ್ಸರ್ ಕಡೆಯೋ, ಪೆಟ್ಟಿಗೆ ಕಡೆಯೋ

ಬೇಕಾದ ಸಾಮಾನು ಹೆಚ್ಚೇನಿಲ್ಲ: ಒಂದು ಡಿಜಿಟಲ್ ಮಲ್ಟಿಮೀಟರ್, ಹೊಸ 1.5 ವೋಲ್ಟ್ ಟಾರ್ಚ್ ಸೆಲ್, 10 ಕಿಲೋಓಮ್ ರೆಸಿಸ್ಟರ್, ಅರ್ಧ ವ್ಯಾಟಿನ 1.5 ಕಿಲೋಓಮ್ ರೆಸಿಸ್ಟರ್, 500 ಓಮ್ ಪ್ರಿಸೆಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್), ಒಂದಿಷ್ಟು ತುಂಡು ವೈರ್.

1. ಚಾನೆಲ್ 1ರ ಸೆನ್ಸರ್ ಬಿಚ್ಚಿ, ಟರ್ಮಿನಲ್ಲಿನ ಎರಡು ತುದಿಯನ್ನು ತುಂಡು ವೈರಿನಿಂದ ಶಾರ್ಟ್ ಮಾಡಿ. ಕೌಂಟ್ 0 ಅಥವಾ 1ರಲ್ಲಿ ನಿಲ್ಲಬೇಕು. ಇಲ್ಲೇ ಐದಾರು ಕೌಂಟ್ ಕುಣಿದರೆ ದೋಷ ಪೆಟ್ಟಿಗೆಯೊಳಗಿದೆ. ಬಾವಿಯ ಹತ್ತಿರ ಹೋಗುವ ಅಗತ್ಯವೇ ಇಲ್ಲ.

2. ಶಾರ್ಟ್ ತೆಗೆದು, 250 ಓಮ್ ರೆಸಿಸ್ಟರಿನ ಒಂದು ಕಾಲು ಎಬ್ಬಿಸಿ, ಸೆಲ್ ಜೋಡಿಸಿ. ಸೆಲ್ಲಿನ ವೋಲ್ಟೇಜನ್ನು ಟರ್ಮಿನಲ್ಲಿನಲ್ಲೇ ಅಳೆಯಿರಿ. 1.56 ವೋಲ್ಟ್ ಇದ್ದರೆ 319 ಅಥವಾ 320 ಬರಬೇಕು. 338 ಬಂದರೆ ಸೆಲ್ ಹೆಚ್ಚಿಲ್ಲ, ರೆಫರೆನ್ಸ್ 4.72ಕ್ಕೆ ಇಳಿದಿದೆ. ತಕ್ಷಣ ಚಿಪ್ಪಿನ ರೆಫರೆನ್ಸ್ ಪಿನ್ನಾದ ಎಅರೆಫ್‌ನಲ್ಲಿ ಅಳೆದು ಖಚಿತ ಮಾಡಿಕೊಳ್ಳಿ.

3. ರೆಸಿಸ್ಟರನ್ನು ಮತ್ತೆ ಬೆಸುಗೆ ಹಾಕಿ, 24 ವೋಲ್ಟ್ ಸಪ್ಲೈಯಿಂದ 1.5 ಕಿಲೋಓಮ್, ಪ್ರಿಸೆಟ್, ಮಿಲಿಆಂಪಿಗೆ ಇಟ್ಟ ಮಲ್ಟಿಮೀಟರ್ ಇವನ್ನು ಸಾಲಾಗಿ ಜೋಡಿಸಿ ಇನ್‌ಪುಟ್ಟಿಗೆ ಕೊಡಿ. ಪ್ರಿಸೆಟ್ ತಿರುಗಿಸಿದಂತೆ ಸುಮಾರು 10.7ರಿಂದ 13.7 ಮಿಲಿಆಂಪ್ ಸಿಗುತ್ತದೆ. 12 ಮಿಲಿಆಂಪಿನಲ್ಲಿ 3 ವೋಲ್ಟ್, ಕೌಂಟ್ 614. ಇದು ಬಂದರೆ ಪೆಟ್ಟಿಗೆ ನಿರ್ದೋಷಿ.

ಕಳ್ಳ ಸೆನ್ಸರಿನ ಕಡೆಯೋ ಪೆಟ್ಟಿಗೆಯ ಕಡೆಯೋ ಎಂಬುದು ಈ ಮೂರು ಹೆಜ್ಜೆಯಲ್ಲೇ ಗೊತ್ತಾಗುತ್ತದೆ. ಮುಂದಿನದೆಲ್ಲ ಗ್ರಾಫಿನ ಆಕಾರ ನೋಡಿ ಹೋಗಬೇಕಾದ ದಾರಿಗಳು.

ನಿಧಾನವಾದ ಅಲೆ: ಹತ್ತಿಪ್ಪತ್ತು ಸೆಕೆಂಡಿಗೊಮ್ಮೆ ಮಟ್ಟ ಏರಿ ಇಳಿಯುತ್ತದೆ

ಎಲ್ಲರನ್ನೂ ದಾರಿ ತಪ್ಪಿಸುವುದು ಇದೇ. ಗ್ರಾಫ್ ನುಣುಪಾಗಿರುತ್ತದೆ, ನಿಜವಾದ ನೀರಿನ ಅಲೆಯ ಹಾಗೇ ಕಾಣುತ್ತದೆ. ನೋಡಿದವರು ಸೆನ್ಸರ್ ಅಲ್ಲಾಡುತ್ತಿದೆ ಎಂದು ಕಲ್ಲು ಕಟ್ಟಿ ಇಳಿಬಿಡುತ್ತಾರೆ. ಅಲೆ ಹಾಗೇ ಇರುತ್ತದೆ.

ಇದು ಕರೆಂಟಿನ 50 ಹರ್ಟ್ಸ್ ವೇಷ ಕಟ್ಟಿಕೊಂಡು ಬಂದಿರುವುದು. ಸೆಕೆಂಡಿಗೆ 10 ಸ್ಯಾಂಪಲ್ (ಓದು) ತೆಗೆಯುತ್ತಿದ್ದೀರಿ ಎಂದುಕೊಳ್ಳಿ. ಎರಡು ಸ್ಯಾಂಪಲ್ ನಡುವೆ 50 ಹರ್ಟ್ಸ್ ಅಲೆ ಸರಿಯಾಗಿ ಐದು ಸುತ್ತು ಮುಗಿಸುತ್ತದೆ, ಪ್ರತಿ ಸಲ ಅದರ ಒಂದೇ ಜಾಗ ಸಿಗುತ್ತದೆ. ಆದರೆ ಗ್ರಿಡ್ಡಿನ ಆವರ್ತನ ಸದಾ 50ರಲ್ಲೇ ನಿಲ್ಲುವುದಿಲ್ಲ. 49.95 ಆದಾಗ ಪ್ರತಿ ಸ್ಯಾಂಪಲ್ ಸ್ವಲ್ಪ ಸ್ವಲ್ಪವೇ ಜರುಗಿ, 0.05 ಹರ್ಟ್ಸ್ ಅಲೆ, ಅಂದರೆ 20 ಸೆಕೆಂಡಿಗೊಂದು ಸುತ್ತು, ದಾಖಲೆಯಲ್ಲಿ ಮೂಡುತ್ತದೆ. 49.98 ಆದರೆ 50 ಸೆಕೆಂಡ್. ಬೋರ್ಡಿನ ಗಡಿಯಾರದ ತಪ್ಪೂ ಇದಕ್ಕೆ ಸೇರುತ್ತದೆ: ಗಡಿಯಾರ ಶೇಕಡ 0.5 ಹೆಚ್ಚು ವೇಗವಾಗಿ ಓಡಿದರೆ 0.25 ಹರ್ಟ್ಸ್, ನಾಲ್ಕು ಸೆಕೆಂಡಿನ ಅಲೆ. ಇದಕ್ಕೆ ಏಲಿಯಾಸಿಂಗ್ ಎನ್ನುತ್ತಾರೆ. ಒಮ್ಮೆ ಹೀಗೆ ದಾಖಲಾದ ಮೇಲೆ ಯಾವುದು ನೀರು, ಯಾವುದು ಕರೆಂಟು ಎಂದು ಯಾವ ಲೆಕ್ಕವೂ ಬೇರ್ಪಡಿಸಲಾರದು.

ಪರೀಕ್ಷೆ ಸುಲಭ. ಸ್ಯಾಂಪಲ್ ಅಂತರವನ್ನು 100ರಿಂದ 97 ಮಿಲಿಸೆಕೆಂಡಿಗೆ ಬದಲಿಸಿ. ನೀರಿನ ಅಲೆಯಾದರೆ ಅದರ ಕಾಲ ಬದಲಾಗಲು ಕಾರಣವೇ ಇಲ್ಲ. ವೇಷದ ಅಲೆಯಾದರೆ 20 ಸೆಕೆಂಡಿನ ಏರಿಳಿತ ಮಾಯವಾಗಿ, ಸುಮಾರು 0.65 ಸೆಕೆಂಡಿನ ನಡುಕ ಕಾಣಿಸಿಕೊಳ್ಳುತ್ತದೆ. ಇನ್ನೊಂದು ಪರೀಕ್ಷೆಗೆ ಮಲೆನಾಡಿನಲ್ಲಿ ಬಹಳ ಕಾಯಬೇಕಿಲ್ಲ: ಕರೆಂಟು ಹೋದಾಗ ಲಾಗರ್ ಬ್ಯಾಟರಿಯಲ್ಲಿ ಓಡುತ್ತಿದ್ದರೆ, ಆ ಹೊತ್ತಿನ ದಾಖಲೆ ತೆಗೆದು ನೋಡಿ. ಗೆರೆ ನೆಟ್ಟಗಾಗಿದ್ದರೆ ಮುಗಿಯಿತು. ಮನೆಯ ಇನ್‌ವರ್ಟರ್ ಆ ಲೈನಿಗೆ ಕರೆಂಟು ಕೊಡುತ್ತಿಲ್ಲ ಎಂಬುದನ್ನು ಮಾತ್ರ ನೋಡಿಕೊಳ್ಳಿ.

ಪರಿಹಾರ ಎರಡು ಕಡೆ ಆಗಬೇಕು, ಸ್ಯಾಂಪಲ್ ತೆಗೆಯುವ ಮುಂಚೆ ಒಂದು, ತೆಗೆಯುವ ಕ್ರಮದಲ್ಲಿ ಒಂದು. 250 ಓಮ್ ರೆಸಿಸ್ಟರ್ ಆದ ಮೇಲೆ, ಎಡಿಸಿ ಪಿನ್ನಿಗೆ ಮುಂಚೆ, 10 ಕಿಲೋಓಮ್ ಮತ್ತು 1 ಮೈಕ್ರೋಫ್ಯಾರಡ್ ಹಾಕಿದರೆ ಕಡಿತದ ಆವರ್ತನ (ಇದಕ್ಕಿಂತ ವೇಗದ ಅಲೆಗಳು ತಗ್ಗುತ್ತವೆ) 16 ಹರ್ಟ್ಸ್. 50 ಹರ್ಟ್ಸ್ ಅದರಿಂದ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ ಅಷ್ಟೆ. ಇಂಥದೇ ಇನ್ನೊಂದು ಹಂತ ಅದರ ಹಿಂದೆ ಹಾಕಿದರೆ ಸುಮಾರು 13ನೇ ಒಂದು ಭಾಗ. ಕೆಪಾಸಿಟರ್ ಫಿಲ್ಮ್ ಅಥವಾ ಎಕ್ಸ್7ಆರ್ ಸಿರಾಮಿಕ್ ಇರಲಿ. ಎಲೆಕ್ಟ್ರೋಲಿಟಿಕ್ ಸೋರುತ್ತದೆ, ಆ ಸೋರಿಕೆ 20 ಕಿಲೋಓಮ್ ಮೇಲೆ ಹೋಗಿ ಹೊಸ ತಪ್ಪು ಹುಟ್ಟಿಸುತ್ತದೆ.

ಆಮೇಲೆ ಸ್ಯಾಂಪಲ್ ತೆಗೆಯುವ ಕ್ರಮ: ಮಿಲಿಸೆಕೆಂಡಿಗೆ ಒಂದರಂತೆ 100 ಸ್ಯಾಂಪಲ್ ತೆಗೆದು ಒಂದು ಸರಾಸರಿ. 100 ಮಿಲಿಸೆಕೆಂಡ್ ಎಂದರೆ 50 ಹರ್ಟ್ಸಿನ ಸರಿಯಾದ ಐದು ಸುತ್ತು. ಮೇಲಿನ ಅರ್ಧ, ಕೆಳಗಿನ ಅರ್ಧ ಕಳೆದುಹೋಗುತ್ತವೆ. ರೆಕ್ಟಿಫೈಯರಿನ 100 ಹರ್ಟ್ಸೂ ಹಾಗೆಯೇ. ಈ ಚಿಪ್ಪಿಗೆ ಒಂದು ಅಳತೆಗೆ ಸುಮಾರು 0.1 ಮಿಲಿಸೆಕೆಂಡ್ ಸಾಕು, ಹಾಗಾಗಿ ಸಮಯ ಧಾರಾಳವಾಗಿದೆ. ಸ್ಯಾಂಪಲ್‌ಗಳು ಸಮ ಅಂತರದಲ್ಲಿರಬೇಕು ಎಂಬುದೇ ಇಲ್ಲಿನ ಗುಟ್ಟು. ಲೂಪಿನಲ್ಲಿ ಬಂದಷ್ಟು ವೇಗವಾಗಿ 100 ಸ್ಯಾಂಪಲ್ ಬಾಚಿದರೆ ಅದು 10 ಮಿಲಿಸೆಕೆಂಡಿನ, ಅರ್ಧ ಸುತ್ತಿನ ಸರಾಸರಿ. ಏನೂ ಕಳೆಯುವುದಿಲ್ಲ. ಆರಂಭದಲ್ಲಿ ನಿಲ್ಲಿಸಿ ಎಂದ ಸರಾಸರಿ ಬಹುತೇಕ ಇಂಥದ್ದೇ.

ಈ 50 ಹರ್ಟ್ಸ್ ಹಮ್ ಒಳಗೆ ಬರುವ ದಾರಿಯನ್ನೂ ಮುಚ್ಚಬೇಕು. ಸೆನ್ಸರ್ ಕೇಬಲ್ ಮೋಟಾರಿನ ಕೇಬಲ್ ಜೊತೆ ಒಂದೇ ಪೈಪಿನಲ್ಲಿ ಬಂದಿದ್ದರೆ ಬೇರೆ ಮಾಡಿ, ಕನಿಷ್ಠ ಒಂದಡಿ ದೂರ. ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಿಸಿ. ಶೀಲ್ಡನ್ನು ಲಾಗರ್ ತುದಿಯಲ್ಲಿ ಮಾತ್ರ ಗ್ರೌಂಡಿಗೆ ಕಟ್ಟಿ. ಎರಡೂ ತುದಿಗೆ ಕಟ್ಟಿದರೆ ಬಾವಿಯ ಅರ್ಥಿಂಗ್ ಮತ್ತು ಮನೆಯ ಅರ್ಥಿಂಗ್ ನಡುವಿನ ವ್ಯತ್ಯಾಸ ಶೀಲ್ಡಿನ ಮೂಲಕ ಹರಿಯತೊಡಗುತ್ತದೆ. ಬೇಸಿಗೆಯಲ್ಲಿ ಜಂಬಿಟ್ಟಿಗೆ ಮಣ್ಣು ಒಣಗಿದಾಗ ಈ ವ್ಯತ್ಯಾಸ ಇನ್ನೂ ಹೆಚ್ಚು.

ಇಲ್ಲೊಂದು ಎಚ್ಚರಿಕೆ. ಮೋಟಾರ್ ಓಡುವಾಗ ಶೀಲ್ಡಿನ ಬಿಟ್ಟ ತುದಿಗೂ ಲಾಗರ್ ಗ್ರೌಂಡಿಗೂ ನಡುವೆ ಎಸಿ ವೋಲ್ಟೇಜ್ ಅಳೆಯುವಾಗ, ಪ್ರೋಬಿನ ಲೋಹ ಮುಟ್ಟದೆ ಅಳೆಯಿರಿ. ಒಂದೆರಡು ವೋಲ್ಟ್ ಬಂದರೆ ಅದು ಅರ್ಥಿಂಗ್ ವ್ಯತ್ಯಾಸ. ಹತ್ತಾರು ವೋಲ್ಟ್ ಬಂದರೆ ಅದು ಲಾಗರಿನ ಸಮಸ್ಯೆಯೇ ಅಲ್ಲ, ಮೋಟಾರಿನ ಇನ್ಸುಲೇಷನ್ ಹೋಗಿ ನೀರಿಗೆ ಕರೆಂಟು ಬರುತ್ತಿರಬಹುದು. ಮೇನ್ ತೆಗೆದು ಎಲೆಕ್ಟ್ರಿಷಿಯನ್ ಕರೆಸಿ. ಅಲ್ಲಿಯವರೆಗೆ ಬಾವಿಯ ನೀರು ಮುಟ್ಟಬೇಡಿ.

ಮುಳ್ಳುಗಳು

ಸರಿಸುಮಾರು ಸೆಕೆಂಡಿಗೊಂದರಂತೆ ಲಯಬದ್ಧವಾಗಿ ಮುಳ್ಳು ಎದ್ದರೆ, ಹಂದಿ, ಕಾಟಿಗೆ ಹಾಕಿದ ಸೋಲಾರ್ ಬೇಲಿಯನ್ನು ಒಂದು ನಿಮಿಷ ಆಫ್ ಮಾಡಿ ನೋಡಿ. ಬೇಲಿಯ ಪಲ್ಸ್ ತೀರಾ ಚಿಕ್ಕದು. ಹಾಗಾಗಿ ಪ್ರತಿ ಪಲ್ಸೂ ಸ್ಯಾಂಪಲಿಗೆ ಸಿಗುವುದಿಲ್ಲ, ಕೆಲವು ತಪ್ಪುತ್ತವೆ, ಲಯ ಮುರಿದಂತೆ ಕಾಣುತ್ತದೆ. ಬೇಲಿಯ ಅರ್ಥ್ ರಾಡ್ ಲಾಗರಿನ ಅರ್ಥಿನಿಂದ ಕನಿಷ್ಠ 10 ಮೀಟರ್ ದೂರವಿರಲಿ, ಸೆನ್ಸರ್ ಕೇಬಲ್ ಬೇಲಿಯ ಗುಂಟ ಓಡದಿರಲಿ. ಇಂಥ ಮುಳ್ಳಿಗೆ ಸರಾಸರಿಗಿಂತ ಮೀಡಿಯನ್ ಒಳ್ಳೆಯದು: ಐದು ಓದಿನಲ್ಲಿ ನಡುವಿನದನ್ನು ಇಟ್ಟುಕೊಳ್ಳಿ, ಒಂಟಿ ಮುಳ್ಳು ತಾನೇ ಬಿದ್ದುಹೋಗುತ್ತದೆ.

ಪಂಪ್ ಆನ್ ಮತ್ತು ಆಫ್ ಆಗುವ ಕ್ಷಣದಲ್ಲಿ ಮಾತ್ರ ಮುಳ್ಳು ಬಂದರೆ ಸ್ಟಾರ್ಟರಿನ ಕಾಯಿಲ್. ಆ ಕಾಯಿಲಿನ ವೋಲ್ಟೇಜಿಗೆ ತಕ್ಕ ರೆಡಿಮೇಡ್ ಸ್ನಬ್ಬರ್ (ಮುಳ್ಳನ್ನು ಹೀರುವ ಬಿಡಿಭಾಗ) ಹಾಕಿಸಿ. ಮೂರು ಫೇಸಿನ ಸ್ಟಾರ್ಟರಿನಲ್ಲಿ ಕಾಯಿಲ್ 415 ವೋಲ್ಟಿನದಿರಬಹುದು, 230ರ ಸ್ನಬ್ಬರ್ ಅಲ್ಲಿ ಸಿಡಿಯುತ್ತದೆ.

ಮಟ್ಟ ಹಾರುತ್ತದೆ, ಒತ್ತಡ ಹಾರುವುದಿಲ್ಲ

ಲಾಗರ್ ಮೆಸೇಜ್ ಕಳಿಸುವ ಹೊತ್ತಿಗೆ ಸರಿಯಾಗಿ ಬಾವಿಯಲ್ಲಿ ಅರ್ಧ ಮೀಟರ್ ನೀರು ಏರಿದಂತೆ ಕಂಡರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನು ನೋಡಿ. ಜಿಎಸ್‌ಎಂ ಮೋಡೆಮ್ ಕ್ಷಣಕಾಲ 2 ಆಂಪಿನವರೆಗೆ ಎಳೆಯುತ್ತದೆ. 5 ವೋಲ್ಟ್ ಲೈನ್ 4.72ಕ್ಕೆ ಕುಸಿದರೆ, 5 ಮೀಟರ್ ನೀರಿಗೆ 614 ಇದ್ದ ಕೌಂಟ್ 651 ಆಗುತ್ತದೆ. ಅದು 45 ಸೆಂಟಿಮೀಟರ್. ಒತ್ತಡದ ಚಾನೆಲ್ ಮಾತ್ರ ಅಲ್ಲಾಡದೆ ನಿಂತಿರುತ್ತದೆ, ಏಕೆಂದರೆ ಆ ಸೆನ್ಸರಿನ ಉತ್ತರವೂ 5 ವೋಲ್ಟಿನ ಜೊತೆಗೇ ಕುಸಿಯುತ್ತದೆ, ಅನುಪಾತ ಕೆಡುವುದಿಲ್ಲ. ಈ ಜೋಡಿ ಲಕ್ಷಣ ಕಂಡರೆ ಬೇರೆ ಏನನ್ನೂ ಹುಡುಕಬೇಡಿ.

ಮೋಡೆಮ್ಮಿಗೆ ಬೇರೆ ರೆಗ್ಯುಲೇಟರ್ ಮತ್ತು ಅದರ ಹತ್ತಿರವೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೊಡಿ. ಅದೂ ಸಾಲದಿದ್ದರೆ 4.096 ವೋಲ್ಟಿನ ರೆಫರೆನ್ಸ್ ಚಿಪ್ಪನ್ನು ಎಅರೆಫ್ ಪಿನ್ನಿಗೆ ಹಾಕಿ, 250 ಓಮ್ ತೆಗೆದು 200 ಓಮ್ ಕೂರಿಸಿ. ಹೊರಗಿನ ರೆಫರೆನ್ಸ್ ಇದೆ ಎಂದು ಪ್ರೋಗ್ರಾಮಿನಲ್ಲಿ ಮೊದಲೇ ಹೇಳದೆ ಎಡಿಸಿ ಓದಿದರೆ, ಒಳಗಿನ ರೆಫರೆನ್ಸಿಗೆ ಶಾರ್ಟ್ ಆಗಿ ಚಿಪ್ಪೇ ಹೋಗಬಹುದು. ಈಗ ಒತ್ತಡದ ಸೆನ್ಸರ್ ಅನುಪಾತದ ಅನುಕೂಲ ಕಳೆದುಕೊಳ್ಳುತ್ತದೆ, ಅದರ 4.5 ವೋಲ್ಟೂ ಮಿತಿ ದಾಟುತ್ತದೆ. ಅದಕ್ಕೊಂದು ಡಿವೈಡರ್ ಹಾಕಿ, 5 ವೋಲ್ಟ್ ಲೈನನ್ನೂ ಇನ್ನೊಂದು ಚಾನೆಲ್ಲಿನಲ್ಲಿ ಅಳೆದು ಭಾಗಿಸಬೇಕಾಗುತ್ತದೆ.

ಒಂದು ಚಾನೆಲ್ಲಿನ ನೆರಳು ಇನ್ನೊಂದರ ಮೇಲೆ

ಪಕ್ಕದ ಚಾನೆಲ್ ಏರಿದಾಗ ಬ್ಯಾಟರಿಯ ಅಂಕಿಯೂ ಏರುತ್ತದೆಯೆ? ನಾಲ್ಕು ಚಾನೆಲ್ಲಿಗೂ ಹಿಡಿದಿಡುವ ಕೆಪಾಸಿಟರ್ ಒಂದೇ, 14 ಪಿಕೋಫ್ಯಾರಡ್ಡಿನದು. ಹಿಂದಿನ ಚಾನೆಲ್ಲಿನ ವೋಲ್ಟೇಜ್ ಅದರಲ್ಲಿ ಉಳಿದಿರುತ್ತದೆ. ಹೊಸ ಚಾನೆಲ್ ಅದನ್ನು 12 ಮೈಕ್ರೋಸೆಕೆಂಡಿನಲ್ಲಿ ತನ್ನ ಮಟ್ಟಕ್ಕೆ ತರಬೇಕು. ಬ್ಯಾಟರಿ ಡಿವೈಡರಿನ ಮೂಲ ಪ್ರತಿರೋಧ, ಅಂದರೆ ಎರಡು ರೆಸಿಸ್ಟರ್ ಸಮಾಂತರವಾಗಿ, 180 ಕಿಲೋಓಮ್. ಕಾಲಾಂಕ (ಪ್ರತಿರೋಧ ಗುಣಿಸು ಕೆಪಾಸಿಟರ್) 2.5 ಮೈಕ್ರೋಸೆಕೆಂಡ್, ಸಿಗುವುದು ಐದಕ್ಕಿಂತ ಕಡಿಮೆ ಕಾಲಾಂಕ. 10 ಬಿಟ್ಟಿಗೆ ಅರ್ಧ ಕೌಂಟಿನೊಳಗೆ ನೆಲೆಗೊಳ್ಳಲು 7.6 ಕಾಲಾಂಕ ಬೇಕು. ಹಿಂದಿನ ಚಾನೆಲ್ 5 ವೋಲ್ಟಿನಲ್ಲಿದ್ದರೆ ಸುಮಾರು 23 ಮಿಲಿವೋಲ್ಟ್ ಉಳಿಕೆ, ಡಿವೈಡರ್ ಲೆಕ್ಕದಲ್ಲಿ ಬ್ಯಾಟರಿ ಸುಮಾರು 0.13 ವೋಲ್ಟ್ ಹೆಚ್ಚು. ಚಿಪ್ಪಿನ ಒಳಗಿನ ಪ್ರತಿರೋಧವೂ ಸೇರಿ ನಿಜವಾದ ತಪ್ಪು ಇನ್ನಷ್ಟು ದೊಡ್ಡದು. ಈ ಚಿಪ್ಪಿನ ಡೇಟಾಶೀಟ್ ಮೂಲ ಪ್ರತಿರೋಧ 10 ಕಿಲೋಓಮ್ ಒಳಗಿರಲಿ ಎನ್ನುವುದು ಇದಕ್ಕೇ.

ಪರೀಕ್ಷಿಸಲು ಹಿಂದಿನ ಚಾನೆಲ್ಲನ್ನು ಒಮ್ಮೆ ಗ್ರೌಂಡಿಗೆ, ಒಮ್ಮೆ 5 ವೋಲ್ಟಿಗೆ ಕಟ್ಟಿ ನೋಡಿ. ಬ್ಯಾಟರಿ ಅಂಕಿ ಬದಲಾದರೆ ನೆರಳು. ಪಿನ್ನಿಗೂ ಗ್ರೌಂಡಿಗೂ 0.1 ಮೈಕ್ರೋಫ್ಯಾರಡ್ ಹಾಕಿದರೆ ಸಾಕು, ದೊಡ್ಡ ಕೊಡದಿಂದ ಲೋಟ ತುಂಬಿದ ಹಾಗೆ ಕೆಲಸ ಮುಗಿಯುತ್ತದೆ. ಕೆಪಾಸಿಟರ್ ಸಿಗದಿದ್ದರೆ ಚಾನೆಲ್ ಬದಲಿಸಿದ ಮೇಲೆ ಮೊದಲ ಓದನ್ನು ಎಸೆದು ಎರಡನೆಯದನ್ನು ಇಟ್ಟುಕೊಳ್ಳಿ.

ಮಳೆ ಹಿಡಿದ ಮೇಲೆ ಕೆಟ್ಟದ್ದು

ಆರಿದ್ರಾ ಮಳೆಯವರೆಗೆ ಸರಿಯಿದ್ದ ಬ್ಯಾಟರಿ ಅಂಕಿ ಪುನರ್ವಸು ಹೊತ್ತಿಗೆ 10.7 ವೋಲ್ಟ್ ತೋರಿಸುತ್ತದೆ. ಮಲ್ಟಿಮೀಟರಿನಲ್ಲಿ ಬ್ಯಾಟರಿ 12.6 ಇದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಂಥ ಊರುಗಳಲ್ಲಿ ಬೋರ್ಡಿನ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ, ಬೆಸುಗೆಯ ಫ್ಲಕ್ಸ್, ಇರುವೆಯ ಮಣ್ಣು ಎಲ್ಲ ಸೇರಿ ಎರಡು ಪಿನ್ನುಗಳ ನಡುವೆ ಒಂದು ರೆಸಿಸ್ಟರೇ ಹುಟ್ಟುತ್ತದೆ. 220 ಕಿಲೋಓಮ್‌ಗೆ ಸಮಾಂತರವಾಗಿ 1 ಮೆಗಾಓಮ್ ಸೋರಿಕೆ ಬಂದರೆ ಸರಿಯಾಗಿ ಈ 10.7 ಬರುತ್ತದೆ. ಅದೇ ಬೋರ್ಡಿನಲ್ಲಿ 250 ಓಮ್ ಮೇಲೆ ಕೂತ ಮಟ್ಟದ ಚಾನೆಲ್ಲಿಗೆ ಏನೂ ಆಗಿರುವುದಿಲ್ಲ. ಸೋರಿಕೆ ಮೊದಲು ಕಚ್ಚುವುದು ದೊಡ್ಡ ಪ್ರತಿರೋಧವನ್ನೇ.

ಹೇರ್ ಡ್ರೈಯರ್ ಹಿಡಿದು ಎರಡು ನಿಮಿಷ ಬೆಚ್ಚಗೆ ಮಾಡಿ, ಅಂಕಿ ಏರತೊಡಗಿದರೆ ತೇವವೇ ಕಾರಣ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಪೂರ್ತಿ ಒಣಗಿಸಿ, ಆಮೇಲೆ ಪಿಸಿಬಿ ಲ್ಯಾಕರ್ ಹೊಡೆಯಿರಿ. ಒದ್ದೆ ಬೋರ್ಡಿಗೆ ಲ್ಯಾಕರ್ ಹೊಡೆಯುವುದೆಂದರೆ ತೇವವನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಿದಂತೆ. ಡಿವೈಡರನ್ನು 100 ಮತ್ತು 22 ಕಿಲೋಓಮ್‌ಗೆ ಬದಲಿಸಿದರೆ ಅನುಪಾತ ಅದೇ, ಬ್ಯಾಟರಿಯಿಂದ ಎಳೆಯುವುದು 0.1 ಮಿಲಿಆಂಪ್ ಮಾತ್ರ. ಅಷ್ಟೇ ಸೋರಿಕೆ ಬಂದರೂ ತಪ್ಪು ಶೇಕಡ 2ರ ಒಳಗೆ, ಮೇಲೆ ಹೇಳಿದ ನೆರಳಿನ ಕಾಟವೂ ಬಹುಪಾಲು ತಗ್ಗುತ್ತದೆ.

ಬೇಸಿಗೆಯಲ್ಲಿ ಸರಿ, ಬಾವಿ ತುಂಬಿದಾಗ ತಪ್ಪು

ಮಟ್ಟ ಏರುತ್ತಾ ಬಂದು ಒಂದು ಎತ್ತರದಲ್ಲಿ ಗೆರೆ ಚಪ್ಪಟೆಯಾಗುತ್ತದೆ, ಕೌಂಟ್ 1023 ಮುಟ್ಟಿರುವುದಿಲ್ಲ. ಸೆನ್ಸರಿಗೆ 24 ವೋಲ್ಟ್ ಬದಲು ನೇರ ಬ್ಯಾಟರಿ ಕೊಟ್ಟಿದ್ದಾರೆಯೇ ನೋಡಿ. ಕನಿಷ್ಠ 9 ವೋಲ್ಟ್ ಬೇಡುವ ಸೆನ್ಸರಾದರೆ 12.6ರಲ್ಲಿ ಉಳಿಯುವುದು 3.6 ವೋಲ್ಟ್. 250 ಓಮ್ ಮತ್ತು 300 ಮೀಟರ್ ದೂರದ ಅರ್ಧ ಚದರ ಮಿಲಿಮೀಟರ್ ತಾಮ್ರದ ಜೋಡಿ ತಂತಿಯ ಸುಮಾರು 22 ಓಮ್ ಸೇರಿ 13.2 ಮಿಲಿಆಂಪಿಗಿಂತ ಹೆಚ್ಚು ಹರಿಯಲಾರದು. 5.8 ಮೀಟರಿಗೆ ಅಂಕಿ ನಿಲ್ಲುತ್ತದೆ. ಬೇಸಿಗೆಯಲ್ಲಿ ನೀರು ಅಷ್ಟು ಮೇಲೆ ಬರುವುದೇ ಇಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. 24 ವೋಲ್ಟ್ ಬೂಸ್ಟ್ ಮಾಡ್ಯೂಲ್ ಹಾಕಿ.

1023ರಲ್ಲೇ ಅಂಟಿ ಕೂತಿದ್ದರೆ ಬೇರೆ ಕಥೆ. ಸೆನ್ಸರ್ ತನ್ನ ದೋಷ ಸೂಚಿಸಲು 21 ಮಿಲಿಆಂಪ್ ಕೊಟ್ಟರೆ 5.25 ವೋಲ್ಟ್, ಎಡಿಸಿಗೆ ಅದು ತುಂಬಿದ ಬಾವಿಯೇ. 220 ಓಮ್ ಹಾಕಿ ಪ್ರೋಗ್ರಾಮಿನ ಗುಣಕ ಬದಲಿಸಿದರೆ 4.62 ವೋಲ್ಟ್ ಎಂದು ಬೇರೆಯಾಗಿ ಕಾಣುತ್ತದೆ. ಸೆನ್ಸರಿನ ಎರಡು ತಂತಿಗಳು ಬಾವಿಕಟ್ಟೆಯಲ್ಲಿ ಒಂದಕ್ಕೊಂದು ತಾಗಿದ್ದರೆ 24 ವೋಲ್ಟ್ ಪೂರ್ತಿ 250 ಓಮ್ ಮೇಲೆ ಬಿದ್ದು 2.3 ವ್ಯಾಟ್. ಕಾಲು ವ್ಯಾಟಿನ ರೆಸಿಸ್ಟರ್ ಕಪ್ಪಾಗಿ ಬೆಲೆ ಬದಲಿಸಿರುತ್ತದೆ, ಅಳೆದು ನೋಡಿ.

ಭರಣಿ, ಕೃತ್ತಿಕೆ ಮಳೆಯ ಸಿಡಿಲಾದ ಮೇಲೆ ಅಂಕಿ ಕಡಿಮೆ ಬರುತ್ತಿದ್ದರೆ ಟಿವಿಎಸ್ ಡಯೋಡ್ ಅರ್ಧ ಸತ್ತಿರಬಹುದು. 250 ಓಮ್ ಕಾಲು ಎಬ್ಬಿಸಿ, ಸೆಲ್ಲನ್ನು 10 ಕಿಲೋಓಮ್ ಮೂಲಕ ಕೊಡಿ. ನೇರ 1.56 ಇದ್ದದ್ದು ಟರ್ಮಿನಲ್ಲಿನಲ್ಲಿ 1.41 ಆದರೆ 15 ಮೈಕ್ರೋಆಂಪ್ ಸೋರುತ್ತಿದೆ. ಡಯೋಡ್ ಬಿಚ್ಚಿ ಮತ್ತೆ ನೋಡಿ. ಸರಿಹೋದರೆ ಹೊಸದು ಹಾಕಿ, ಇಲ್ಲದಿದ್ದರೆ ಚಿಪ್ಪಿನ ಪಿನ್ನೇ ಹೋಗಿದೆ.

ದಿನಕ್ಕೆ ಎರಡು ಸಲ, ಮೂರ್ನಾಲ್ಕು ಸೆಂಟಿಮೀಟರ್

ಬೆಳಿಗ್ಗೆ ಹತ್ತರ ಸುಮಾರಿಗೆ, ರಾತ್ರಿ ಹತ್ತರ ಸುಮಾರಿಗೆ ಮಟ್ಟ ಏರಿ, ನಡುವೆ ಇಳಿದರೆ ಅದು ಗಾಳಿಯ ಒತ್ತಡ. ನಮ್ಮ ಅಕ್ಷಾಂಶದಲ್ಲಿ ವಾಯುಭಾರ ದಿನಕ್ಕೆ ಎರಡು ಸಲ ಹೀಗೆ ಏರಿಳಿಯುತ್ತದೆ, 1 ಹೆಕ್ಟೋಪಾಸ್ಕಲ್ ಎಂದರೆ 1 ಸೆಂಟಿಮೀಟರ್ ನೀರು. ಸೆನ್ಸರ್ ಕೇಬಲ್ಲಿನೊಳಗಿನ ಸಣ್ಣ ಗಾಳಿ ಕೊಳವೆ ಇದನ್ನು ಕಳೆಯಬೇಕಿತ್ತು, ಅದರ ಬಾಯಿ ಮುಚ್ಚಿದೆ. ಯಾರಾದರೂ ನೀರು ಹೋಗದಿರಲಿ ಎಂದು ಎಂ-ಸೀಲ್ ಮೆತ್ತಿರುತ್ತಾರೆ, ಇಲ್ಲವೇ ತೇವ ಇಳಿದು ಹನಿ ಕಟ್ಟಿರುತ್ತದೆ. ಎಡಿಸಿ ಬದಲಿಸಿ ಪ್ರಯೋಜನವಿಲ್ಲ. ಬಾಯಿ ಬಿಡಿಸಿ, ಸಿಲಿಕಾ ಜೆಲ್ ಇಟ್ಟ ಪುಟ್ಟ ಡಬ್ಬಿಯೊಳಗೆ ತೆರೆದಿಡಿ.

ಡ್ರೈಯರಿನ ಚಾನೆಲ್

ಕೆ ಥರ್ಮೋಕಪಲ್ ಡಿಗ್ರಿಗೆ 41 ಮೈಕ್ರೋವೋಲ್ಟ್ ಕೊಡುತ್ತದೆ, 200 ಪಟ್ಟಾದ ಮೇಲೆ 8.2 ಮಿಲಿವೋಲ್ಟ್. ಬೆಂಕಿ ಹಾಕಿದಂತೆ ಅಂಕಿ ಇಳಿದರೆ ತಂತಿ ತಿರುಗುಮುರುಗು. ಅಮೆರಿಕನ್ ಬಣ್ಣದ ಕೇಬಲ್ಲಿನಲ್ಲಿ ಕೆಂಪು ತಂತಿಯೇ ನೆಗೆಟಿವ್, ಎಲ್ಲರೂ ಎಡವುವುದು ಅಲ್ಲೇ. ಅಂಕಿ ಎಲ್ಲೋ ತೇಲಿ ಹೋಗಿ ಮಿತಿಗೆ ಅಂಟಿದರೆ, ಆಂಪ್ಲಿಫೈಯರಿನ ಇನ್‌ಪುಟ್ ಕರೆಂಟಿಗೆ ಹಿಂದಿರುಗುವ ದಾರಿ ಇಲ್ಲ: ನೆಗೆಟಿವ್ ತುದಿಯಿಂದ ಗ್ರೌಂಡಿಗೆ 1 ಮೆಗಾಓಮ್ ಕೊಡಿ. ಕೇಬಲ್ ಸಾಲದೆ ತಾಮ್ರದ ವೈರ್ ಜೋಡಿಸಿದ್ದರೆ, ಜೋಡಿಸಿದ ಜಾಗಕ್ಕೂ ಲಾಗರ್ ಟರ್ಮಿನಲ್ಲಿಗೂ ಇರುವ ಬಿಸಿಯ ವ್ಯತ್ಯಾಸ ಪೂರ್ತಿ ತಪ್ಪಾಗಿ ಸೇರುತ್ತದೆ. ಒಲೆಯ ಹತ್ತಿರ ಅದು 15–20 ಡಿಗ್ರಿಯಾದರೂ ಆಶ್ಚರ್ಯವಿಲ್ಲ.

ಮುಚ್ಚಳ ಹಾಕುವ ಮುಂಚೆ

ಎಲ್ಲ ಕೇಬಲ್ ಗ್ಲ್ಯಾಂಡ್ ಪೆಟ್ಟಿಗೆಯ ಕೆಳಬದಿಗಿರಲಿ. ಒಳಗೆ ಹೋಗುವ ಮೊದಲು ಕೇಬಲ್ ಒಂದು ಗೇಣು ಕೆಳಗೆ ಜೋಲಲಿ, ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಶಾರ್ಟ್ ಮಾಡಿದಾಗಿನ ಕೌಂಟ್, ಸೆಲ್ಲಿನ ಕೌಂಟ್, 12 ಮಿಲಿಆಂಪಿನ ಕೌಂಟ್, ಎಅರೆಫ್ ವೋಲ್ಟೇಜ್ ಈ ನಾಲ್ಕನ್ನೂ ದಿನಾಂಕದ ಜೊತೆ ಮಾರ್ಕರಿನಲ್ಲಿ ಮುಚ್ಚಳದ ಒಳಬದಿಗೆ ಬರೆಯಿರಿ. ಮುಂದಿನ ಮಳೆಗಾಲದಲ್ಲಿ ಅಂಕಿ ಕೆಟ್ಟಾಗ ಮೊದಲು ಹೋಲಿಸಿ ನೋಡುವುದು ಅವನ್ನೇ. ಕಾಗದದ ಚೀಟಿ ಅಂಟಿಸಬೇಡಿ, ಇರುವೆ ಅದರ ಹಿಂದೆಯೇ ಗೂಡು ಕಟ್ಟುತ್ತದೆ.